ಲಾಂಗೋಲೆನ್ನಿನ ಗಾನಮಹೋತ್ಸವ

ಯುದ್ಧವು ಮುಗಿದ ದಿನವೇ ವೈರವೂ ಮುಗಿಯುವುದೆಂಬ ನಿಯಮವಿಲ್ಲ. ರಾಜರೂ ಮಂತ್ರಿಗಳೂ ಸಂಧಿಪತ್ರಕ್ಕೆ ರುಜು ಹಾಕಬಹುದು. ಆದರೆ ಮಗನನ್ನು ಕಳೆದುಕೊಂಡ ಮನೆಯ ಹೊಸ್ತಿಲನ್ನು ಆ ಪತ್ರವು ದಾಟಲಾರದು. ೧೯೪೫ನೆಯ ಇಸವಿಯಲ್ಲಿ ಎರಡನೆಯ ಮಹಾಯುದ್ಧವು ಕೊನೆಗೊಂಡಾಗ ಯುರೋಪಖಂಡದ ಸ್ಥಿತಿಯು ಇಂತಹುದೇ ಆಗಿದ್ದಿತು. ಅಂತಹ ಕಾಲದಲ್ಲಿ ವೇಲ್ಸ್ ದೇಶದ ಸಣ್ಣ ಊರೊಂದು ನಾನಾ ದೇಶಗಳ ಹಾಡುಗಾರರನ್ನು ತನ್ನ ಮನೆಗಳಿಗೆ ಕರೆದು, ಹಾಡಿನ ಮೂಲಕ ಮಾನವರ ನಡುವಣ ಬಿರುಕನ್ನು ಮುಚ್ಚಲು ಯತ್ನಿಸಿತು. ಆ ಊರು ಲಾಂಗೋಲೆನ್. ಆ ಯತ್ನದ ಫಲವೇ ಇಂದಿಗೂ ಅಲ್ಲಿ ನಡೆದು ಬಂದಿರುವ ಅಂತರರಾಷ್ಟ್ರೀಯ ಸಂಗೀತ ಮಹೋತ್ಸವ.

ವೇಲ್ಸ್ ದೇಶವು ಇಂಗ್ಲೆಂಡಿನ ಪಶ್ಚಿಮಕ್ಕಿರುವ ಬೆಟ್ಟಗಾಡಿನ ನಾಡು. ಅದರ ಸ್ವಂತ ಭಾಷೆಯು ಇಂಗ್ಲಿಷಿಗಿಂತ ತೀರ ಬೇರೆಯಾದ ಕೆಲ್ಟಿಕ್ ವರ್ಗಕ್ಕೆ ಸೇರಿದುದು. ನಾಡಿನ ಈಶಾನ್ಯ ಭಾಗದಲ್ಲಿ ಡೀ ನದಿಯ ದಡದಲ್ಲಿ ಲಾಂಗೋಲೆನ್ ಇದೆ. ಹಳೆಯ ಕಲ್ಲಿನ ಸೇತುವೆ, ಎದುರಿನ ಗುಡ್ಡದ ನೆತ್ತಿಯ ಮೇಲೆ ಡಿನಾಸ್ ಬ್ರಾನ್ ಎಂಬ ಪಾಳುಕೋಟೆ, ಮೂರು ಸಾವಿರದಷ್ಟು ಜನ; ಇಷ್ಟೇ ಆ ಊರಿನ ವೈಭವ.

ಆದರೆ ಈ ಊರಿಗೆ ಒಂದು ಪ್ರಾಚೀನ ಸಂಪ್ರದಾಯದ ಬೆಂಬಲವಿದ್ದಿತು. ಕವಿಗಳೂ ಗಾಯಕರೂ ಕಲೆತು ಸ್ಪರ್ಧಿಸುವ ಸಭೆಗೆ ವೇಲ್ಸ್ ಜನರು ಐಸ್ಟೆದ್ವೊಡ್ ಎನ್ನುತ್ತಾರೆ. 'ಕುಳಿತುಕೊಳ್ಳು' ಎಂಬರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ನಮ್ಮ 'ಗೋಷ್ಠಿ' ಎಂಬುದು ಹತ್ತಿರದ ಮಾತು. ೧೧೭೬ನೆಯ ಇಸವಿಯಲ್ಲಿ ರೀಸ್ ಎಂಬ ಅರಸನು ಕಾರ್ಡಿಗನ್ ಕೋಟೆಯಲ್ಲಿ ಇಂತಹ ಸಭೆಯೊಂದನ್ನು ನೆರೆಸಿ, ಉತ್ತಮ ಕವಿಗೊಂದು, ಉತ್ತಮ ವಾದಕನಿಗೊಂದು ಹೀಗೆ ಎರಡು ಪೀಠಗಳನ್ನು ಬಹುಮಾನವಾಗಿ ಇತ್ತನು. ಸಭೆಯ ವಿಷಯವನ್ನು ಒಂದು ವರ್ಷ ಮೊದಲೇ ವೇಲ್ಸಿನಲ್ಲಿ ಮಾತ್ರವಲ್ಲದೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿಯೂ ಸಾರಿಸಿದನೆಂದು ಆ ನಾಡಿನ ವೃತ್ತಾಂತಗ್ರಂಥವು ಹೇಳುತ್ತದೆ. ಈ ಮಾತು ಗಮನಾರ್ಹವಾದುದು. ಚರಿತ್ರೆಗೆ ತಿಳಿದ ಮೊದಲನೆಯ ಸಭೆಯ ಕರೆಯೇ ನಾಡಿನ ಗಡಿಯನ್ನು ದಾಟಿದ್ದಿತು.

ಮುಂದಿನ ಶತಮಾನಗಳಲ್ಲಿ ವೇಲ್ಸ್ ತನ್ನ ರಾಜ್ಯವನ್ನು ಕಳೆದುಕೊಂಡಿತು, ಕವಿಸಭೆಗಳೂ ಕ್ಷೀಣಿಸಿದವು. ಹದಿನೆಂಟನೆಯ ಶತಮಾನದ ಕೊನೆಗೆ ಅವು ಮತ್ತೆ ತಲೆಯೆತ್ತಿದವು. ೧೭೮೯ರಲ್ಲಿ ಅದೇ ಡೀ ನದಿಯ ಮೇಲ್ಗಡೆಯ ಕಾರ್ವೆನ್ ಎಂಬಲ್ಲಿಯೂ, ೧೮೫೮ರಲ್ಲಿ ಲಾಂಗೋಲೆನ್ನಿನಲ್ಲಿಯೇ ಬಹು ದೊಡ್ಡ ಪ್ರಮಾಣದಲ್ಲಿಯೂ ಅವು ನೆರೆದವು. ಇವೆರಡು ಸಭೆಗಳ ನಡುವೆ, ೧೮೪೭ರಲ್ಲಿ, ವೇಲ್ಸಿನ ವಿದ್ಯಾಭ್ಯಾಸವನ್ನು ವಿಚಾರಿಸಲು ಬಂದ ಸರಕಾರದ ಅಧಿಕಾರಿಗಳು ಆ ಜನರ ಭಾಷೆಯೇ ಅವರ ನೀತಿಗೂ ಅಭ್ಯುದಯಕ್ಕೂ ಅಡ್ಡಿಯಾಗಿದೆಯೆಂದು ವರದಿಯಲ್ಲಿ ಬರೆದರು. ಆ ಅವಮಾನವು ನಾಡಿನ ಮನಸ್ಸಿನಲ್ಲಿ ಬಹುಕಾಲ ಹಸಿಯಾಗಿಯೇ ಉಳಿಯಿತು. ಸರಿಯಾಗಿ ನೂರು ವರ್ಷಗಳ ತರುವಾಯ, ಅದೇ ಜನರ ಆಹ್ವಾನವನ್ನು ಮನ್ನಿಸಿ ಪರದೇಶದವರು ಅವರ ಊರಿಗೆ ಹಾಡಲು ಬಂದುದು ಕಾಲಪುರುಷನ ನ್ಯಾಯವೆಂದೇ ಹೇಳಬೇಕು.

ಈ ಆಹ್ವಾನದ ಮೂಲ ಕಲ್ಪನೆಯು ಬ್ರಿಟಿಷ್ ಕೌನ್ಸಿಲ್ಲಿನ ಅಧಿಕಾರಿಯಾದ ಹೆರಾಲ್ಡ್ ಟ್ಯೂಡರ್ ಎಂಬವರದು. ೧೯೪೩ರಲ್ಲಿ, ಯುದ್ಧವು ಇನ್ನೂ ನಡೆಯುತ್ತಿದ್ದಾಗ, ಶತ್ರುವಶವಾದ ದೇಶಗಳಿಂದ ಬ್ರಿಟನ್ನಿಗೆ ಬಂದಿದ್ದ ಸರಕಾರಗಳ ಪ್ರತಿನಿಧಿಗಳನ್ನು ಅವರು ಬ್ಯಾಂಗರಿನ ರಾಷ್ಟ್ರೀಯ ಐಸ್ಟೆದ್ವೊಡ್ಡಿಗೆ ಕರೆತಂದಿದ್ದರು. ಮನೆಮಾರು ಕಳೆದುಕೊಂಡ ಆ ಅತಿಥಿಗಳ ಮೇಲೆ ಹಾಡಿನ ಸಭೆಯು ಮಾಡಿದ ಪರಿಣಾಮವನ್ನು ಕಂಡ ಅವರಿಗೆ, ಶಾಂತಿ ನೆಲಸಿದ ಮೇಲೆ ಎಲ್ಲ ದೇಶಗಳಿಗೂ ತೆರೆದ ಇಂತಹ ಸಭೆಯೊಂದನ್ನು ಏಕೆ ಕೂಡಿಸಬಾರದೆಂದು ತೋರಿತು. ಲಾಂಗೋಲೆನ್ನಿನವರೇ ಆದ ಸಂಗೀತಜ್ಞ ಗ್ವಿನ್ ವಿಲಿಯಮ್ಸರು ಈ ವಿಚಾರವನ್ನು ಕೈಗೆತ್ತಿಕೊಂಡರು. ನಾಡಹಾಡುಗಳ ಸಂಪಾದನೆಯಲ್ಲಿ ನುರಿತಿದ್ದ ಅವರು ಮುಂದೆ ಮೂವತ್ತು ವರ್ಷ ಈ ಉತ್ಸವದ ಸಂಗೀತ ನಿರ್ದೇಶಕರಾಗಿದ್ದರು. ಊರಿನ ಉಪಾಧ್ಯಾಯರೂ ಪೌರಸಭೆಯ ಅಧ್ಯಕ್ಷರೂ ಆಗಿದ್ದ ಜಾರ್ಜ್ ನಾರ್ದಿಂಗರು ಜನರನ್ನು ಒಪ್ಪಿಸಿದರು.

ಒಪ್ಪಿಸುವುದು ಸುಲಭವಾದ ಕೆಲಸವಲ್ಲ. ಆಗ ಬ್ರಿಟನ್ನಿನಲ್ಲಿ ಆಹಾರವೆಲ್ಲ ಪಡಿತರದ್ದು. ಯುದ್ಧಕಾಲದಲ್ಲಿ ಕೂಡ ಇಲ್ಲದಿದ್ದ ಬ್ರೆಡ್ಡಿನ ಹಂಚಿಕೆಯು ೧೯೪೬ರಲ್ಲಿ ಜಾರಿಗೆ ಬಂದಿದ್ದಿತು. ತನ್ನ ಮಕ್ಕಳಿಗೇ ಅಳೆದು ಬಡಿಸುವ ಗೃಹಿಣಿಯು ಭಾಷೆ ತಿಳಿಯದ ಅತಿಥಿಗಳನ್ನು ಮನೆಯಲ್ಲಿಟ್ಟು ಉಪಚರಿಸಬೇಕಾಗಿದ್ದಿತು. ಆದರೂ ಊರವರು ಹಣ ಕೂಡಿಸಿದರು, ಡೇರೆ ಎಬ್ಬಿಸಿದರು, ಮನೆಗಳ ಕೋಣೆಗಳನ್ನು ತೆರವು ಮಾಡಿದರು.

೧೯೪೭ರ ಜೂನ್ ತಿಂಗಳು ಬಂದಿತು. ಪರದೇಶದ ಮೇಳಗಳು ನಿಜವಾಗಿ ಬರುವುವೋ ಇಲ್ಲವೋ ಎಂಬ ಕಳವಳ ಕೊನೆಯವರೆಗೂ ಇದ್ದಿತು. ಫ್ರಾನ್ಸಿನ ರೈಲ್ವೆ ಮುಷ್ಕರದಿಂದ ಪ್ರಯಾಣವೆಲ್ಲ ಅಸ್ತವ್ಯಸ್ತವಾಗಿದ್ದಿತು. ಹಾಗಿದ್ದರೂ ಮೇಳಗಳು ಬಂದವು. ಬುಡಾಪೆಸ್ಟಿನ ಕಾರ್ಮಿಕರ ಮೇಳವೊಂದು ಅಷ್ಟು ದೂರದ ಹಂಗೆರಿಯಿಂದ ದಾರಿಯ ತೊಡಕುಗಳನ್ನೆಲ್ಲ ದಾಟಿ ಬಂದು ಸೇರಿತು. ಪರಕೀಯರನ್ನು ಎಂದೂ ಕಾಣದ ಬೀದಿಗಳಲ್ಲಿ ನಾನಾ ವೇಷಭಾಷೆಗಳ ಜನ ಓಡಾಡಿದರು.

ನಿಜವಾದ ಪರೀಕ್ಷೆಯು ಎರಡು ವರ್ಷಗಳ ಮೇಲೆ ಬಂದಿತು. ೧೯೪೯ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದ ಮೇಳವು ಸ್ಪರ್ಧೆಗೆ ಬಂದಿತು. ಅಲ್ಲಿಗೆ ಬಂದ ಮೊದಲ ಜರ್ಮನ್ ಮೇಳವದು. ೧೯೪೧ರ ಫೆಬ್ರವರಿಯಲ್ಲಿ ಜರ್ಮನ್ ವಿಮಾನಗಳು ವೇಲ್ಸಿನ ಸ್ವಾನ್ಸೀ ನಗರದ ಮೇಲೆ ಮೂರು ರಾತ್ರಿ ಬೆಂಕಿ ಸುರಿಸಿದ್ದವು. ೧೯೪೨ರ ಮಾರ್ಚಿಯಲ್ಲಿ ಬ್ರಿಟಿಷ್ ವಿಮಾನಗಳು ಲ್ಯೂಬೆಕ್ಕಿನ ಹಳೆಯ ಪೇಟೆಯನ್ನು ಸುಟ್ಟಿದ್ದವು. ಎರಡು ಕಡೆಯೂ ಗಾಯ ಹಸಿಯಾಗಿದ್ದಿತು. ಸಭೆಯಲ್ಲಿ ಮೇಳಗಳನ್ನು ಪರಿಚಯ ಮಾಡಿಸುವ ಕೆಲಸ ಹಿವೆಲ್ ರಾಬರ್ಟ್ಸ್ ಎಂಬವರದು. ಅವರ ಸ್ವಂತ ಸೋದರನು ಯುದ್ಧದಲ್ಲಿ ಹತನಾಗಿದ್ದನು. ಏನು ನಡೆಯುವುದೋ ಎಂದು ಆ ಹಾಡುಗಾರರು ಅಂಜುತ್ತ ವೇದಿಕೆಯನ್ನೇರಿದಾಗ, ರಾಬರ್ಟ್ಸರು ಅವರನ್ನು ಜರ್ಮನಿಯಿಂದ ಬಂದ ಮಿತ್ರರೆಂದು ಕರೆದು, ಸ್ವಾಗತಿಸಿರೆಂದು ಸಭೆಯನ್ನು ಬೇಡಿಕೊಂಡರು. ಸಭೆಯು ಕರತಾಡನದಿಂದ ಅವರನ್ನು ಬರಮಾಡಿಕೊಂಡಿತು. 'ಮಿತ್ರರು' ಎಂಬ ಆ ಒಂದು ಮಾತಿಗೆ ಎಷ್ಟು ಬೆಲೆ ತೆರಬೇಕಾಯಿತೆಂಬುದನ್ನು ನುಡಿದವರೇ ಬಲ್ಲರು.

ನಾಲ್ಕು ವರ್ಷಗಳ ಮೇಲೆ, ೧೯೫೩ರಲ್ಲಿ, ಜರ್ಮನಿಯಿಂದಲೇ ಓಬರ್ನ್‌ಕಿರ್ಖೆನ್ ಎಂಬ ಊರಿನ ಮಕ್ಕಳ ಮೇಳವು ಬಂದು ಬಹುಮಾನವನ್ನು ಗೆದ್ದಿತು. ದಾರಿಹೋಕನೊಬ್ಬನ ಸಂತೋಷವನ್ನು ಕುರಿತ ಅವರ ಹಾಡು ಅಲ್ಲಿಂದ ಬ್ರಿಟನ್ನಿನ ಮನೆಮನೆಗಳಿಗೆ ಹಬ್ಬಿತು. ೧೯೫೫ರಲ್ಲಿ ಇಟಲಿಯ ಮೊಡೆನಾ ನಗರದ ಮೇಳವು ಪ್ರಥಮ ಬಹುಮಾನವನ್ನು ಪಡೆಯಿತು. ಅದರಲ್ಲಿ ಬ್ರೆಡ್ಡು ತಯಾರಿಸುವ ಕಸುಬಿನ ತಂದೆಯೊಡನೆ ನಿಂತು ಹಾಡಿದ ಹತ್ತೊಂಬತ್ತರ ತರುಣನೇ ಮುಂದೆ ಜಗದ್ವಿಖ್ಯಾತನಾದ ಲೂಚಾನೋ ಪಾವರೊಟ್ಟಿ. ತನ್ನನ್ನು ಗಾಯಕವೃತ್ತಿಗೆ ಪ್ರೇರಿಸಿದುದು ಆ ಗೆಲುವೇ ಎಂದು ಆತನು ಹೇಳುತ್ತಿದ್ದನು. ನಲವತ್ತು ವರ್ಷಗಳ ತರುವಾಯ, ೧೯೯೫ರಲ್ಲಿ, ಅದೇ ಊರಿಗೆ ಮರಳಿ ಬಂದು ಹಾಡಿದನು.

ಇಲ್ಲಿ ಒಂದು ಆಕ್ಷೇಪಣೆಯು ಸಹಜವಾಗಿಯೇ ಏಳುತ್ತದೆ. ಹೊಲದಲ್ಲಿ, ತೊಟ್ಟಿಲ ಬಳಿಯಲ್ಲಿ ಹುಟ್ಟಿದ ನಾಡಹಾಡಿಗೆ ಅಂಕಗಳನ್ನು ಕೊಡುವುದು ಉಚಿತವೇ? ಸ್ಪರ್ಧೆಯೆಂಬುದು ಸೋಲು ಗೆಲವುಗಳ ವ್ಯವಹಾರವಾದುದರಿಂದ ಅದು ಮೈತ್ರಿಗೆ ಹೇಗೆ ಸಾಧನವಾದೀತು? ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಸ್ಪರ್ಧೆಯು ಮಾಡುವ ಒಂದು ಉಪಕಾರವನ್ನೂ ಮರೆಯಲಾಗದು. ಸ್ಪರ್ಧೆಗೆ ಬಂದವನು ಎದುರಾಳಿಯ ಹಾಡನ್ನು ಕಿವಿಗೊಟ್ಟು ಕೇಳುತ್ತಾನೆ. ನಿಯಮಿತವಾದ ಒಂದೇ ಕೃತಿಯನ್ನು ಮೇಳಗಳೆಲ್ಲ ಹಾಡುವಾಗ, ಒಂದು ದೇಶದವರ ಉಚ್ಚಾರವೂ ಭಾವವೂ ಮತ್ತೊಂದು ದೇಶದವರಿಗೆ ಬಯಲಾಗುತ್ತವೆ. ಕೇಳದೆ ಹೊಗಳುವ ಉಪಚಾರಕ್ಕಿಂತ, ಕೇಳಿ ತೂಗುವ ಗೌರವವೇ ಮೇಲು. ಸಂಜೆ ಎಲ್ಲರೂ ಅದೇ ಊರಿನ ಮನೆಗಳಿಗೆ ಮರಳಿ ಊಟಕ್ಕೆ ಕೂಡುವಲ್ಲಿ ಸ್ಪರ್ಧೆಯ ಕಾವೂ ಇಳಿಯುತ್ತಿದ್ದಿತು.

ಕಾಲಕ್ರಮದಲ್ಲಿ ಉತ್ಸವದ ರೂಪವು ಹಿಗ್ಗಿತು. ನಾಡಕುಣಿತಗಳು ಸೇರಿದವು, ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್, ನರ್ತಕಿ ಮಾರ್ಗೊ ಫಾಂಟೇನ್ ಮೊದಲಾದವರು ವೇದಿಕೆಯನ್ನು ಅಲಂಕರಿಸಿದರು. ೧೯೯೨ರಲ್ಲಿ ಡೇರೆಯ ಸ್ಥಾನದಲ್ಲಿ ಸ್ಥಿರವಾದ ಸಭಾಮಂಟಪವು ಎದ್ದಿತು. ವೇಲ್ಸಿನ ಆಧುನಿಕ ಸಂಗೀತದ ತಂಡಗಳಿಗೂ ಅಲ್ಲಿ ಎಡೆ ದೊರೆಯಿತು. ೨೦೧೭ರಲ್ಲಿ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಎಂಬ ತಂಡವು ಅಲ್ಲಿ ಹಾಡಿತು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದಿಂದ ಉತ್ಸವವು ನಿಂತಿತಾದರೂ ಮತ್ತೆ ಚಿಗುರಿತು. ಊರಿನ ಮಕ್ಕಳು ವೇದಿಕೆಯ ಮೇಲೆ ಶಾಂತಿಸಂದೇಶವನ್ನು ಸಾರುವ ಪದ್ಧತಿಯು ಇಂದಿಗೂ ಇದೆ.

ಈ ಹಾಡುಗಳಿಂದ ಯುದ್ಧಗಳು ನಿಂತವೆಂದು ಯಾರೂ ಹೇಳಲಾರರು. ಆದರೆ ತನ್ನ ನುಡಿಯ ಅವಮಾನವನ್ನು ಉಂಡ ಒಂದು ಸಣ್ಣ ಜನಾಂಗವು ಆ ನೋವನ್ನು ಪರರ ದ್ವೇಷವಾಗಿ ಬೆಳೆಸದೆ, ತನ್ನ ಹಳೆಯ ಸಭೆಯ ಬಾಗಿಲನ್ನು ಲೋಕಕ್ಕೆ ತೆರೆಯಿತು. ತನ್ನ ಹಾಡನ್ನು ಬಿಡದೆ ಉಳಿಸಿಕೊಂಡವನಿಗೇ ಪರರ ಹಾಡಿನ ಬೆಲೆಯೂ ತಿಳಿಯುವುದು. ಪಡಿತರದ ಬ್ರೆಡ್ಡನ್ನು ಅತಿಥಿಯೊಡನೆ ಹಂಚಿಕೊಂಡ ಆ ಊರಿನ ಗೃಹಿಣಿಯರು ಬಹುಮಾನದ ಪಟ್ಟಿಯಲ್ಲಿಲ್ಲ. ಆದರೂ ಉತ್ಸವವನ್ನು ಕಟ್ಟಿದವರಲ್ಲಿ ಅವರ ಹೆಸರೇ ಮೊದಲು ಬರತಕ್ಕದ್ದು.