ಬಲಿಪೀಠ ಚಿತ್ರದ ತೈಲಕರಡು

ಚರ್ಚಿನ ಬಲಿಪೀಠದ ಹಿಂದೆ ನಿಲ್ಲಿಸುವ ಬೃಹತ್ ಚಿತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ಕಲಾವಿದನು ಚಿಕ್ಕ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದುಕೊಳ್ಳುವ ಚಿತ್ರವೇ ತೈಲಕರಡು. ಬಿರುಸಾಗಿ ಬರೆದ ಮೊದಲ ಕರಡನ್ನು ಇಟಲಿಯವರು ಬೊತ್ಸೆತ್ತೊ ಎಂದೂ, ಚಿತ್ರ ಬರೆಸುವವರ ಒಪ್ಪಿಗೆಗಾಗಿ ತಿದ್ದಿ ತೋರಿಸುವುದನ್ನು ಮೊದೆಲ್ಲೊ ಎಂದೂ ಕರೆದರು. ಚಲನೆಗೂ ಬೆಳಕು-ನೆರಳಿನ ತೀವ್ರತೆಗೂ ಒತ್ತುಕೊಟ್ಟ 17ನೆಯ ಶತಮಾನದ ಬರೋಕ್ ಶೈಲಿಯಲ್ಲಿ ಈ ಪದ್ಧತಿಯನ್ನು ಪೀಟರ್ ಪಾಲ್ ರೂಬೆನ್ಸ್ (1577–1640) ಪರಾಕಾಷ್ಠೆಗೆ ಮುಟ್ಟಿಸಿದನು.

ಭಾರತೀಯ ಓದುಗರಿಗೆ ಹತ್ತಿರದ ನಿದರ್ಶನವೆಂದರೆ, ಆಂಟ್‌ವರ್ಪ್ ನಗರದ ಜೆಸ್ಯೂಟ್ ಚರ್ಚಿಗಾಗಿ 1617–18ರ ಸುಮಾರಿನಲ್ಲಿ ರೂಪುಗೊಂಡ ಫ್ರಾನ್ಸಿಸ್ ಜೇವಿಯರನ ಪವಾಡಗಳ ಚಿತ್ರ. 1542ರಲ್ಲಿ ಗೋವೆಗೆ ಬಂದಿಳಿದ ಜೇವಿಯರನಿಗೆ ಸಂತಪದವಿ ದೊರೆತದ್ದು 1622ರಲ್ಲಾದ್ದರಿಂದ, ಚಿತ್ರವು ಆ ಪದವಿಗಿಂತ ಮೊದಲಿನದು. ಎತ್ತರದ ಕಟ್ಟೆಯ ಮೇಲೆ ಕಪ್ಪು ನಿಲುವಂಗಿಯ ಜೇವಿಯರ್ ನಿಂತಿದ್ದಾನೆ. ಕೆಳಗೆ ರೋಗಿಗಳೂ ಜೀವ ಮರಳಿ ಏಳುತ್ತಿರುವವನೂ ಇದ್ದಾರೆ. ಹಿಂದಿನ ಗುಡಿಯಲ್ಲಿ ಕೊಂಬುಳ್ಳ ವಿಗ್ರಹವೊಂದು ಉರುಳುತ್ತಿದೆ. ಭಾರತವನ್ನು ಕಾಣದ ರೂಬೆನ್ಸ್ ಬರೆದ ಈ ವಿಗ್ರಹವು ನಮ್ಮ ಮೂರ್ತಿಶಿಲ್ಪಕ್ಕಿಂತ ಯುರೋಪಿನವರ ಕಲ್ಪನೆಯ ದೆವ್ವಕ್ಕೇ ಸಮೀಪವಾದುದು. ಕ್ಯಾನ್ವಾಸ್ ಐದು ಮೀಟರಿಗೂ ಮಿಕ್ಕಿದ ಎತ್ತರವಿದ್ದರೆ ಕರಡು ಒಂದು ಮೀಟರಿನಷ್ಟೇ ಇದ್ದು, ಇಂದು ಎರಡೂ ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ.

ಇಂಥ ಕರಡಿಗೆ ಓಕ್ ಹಲಗೆಗೆ ಸೀಮೆಸುಣ್ಣದ ಪುಡಿಯನ್ನೂ ಅಂಟನ್ನೂ ಕಲಸಿ ಬಳಿದು, ನಯಗೊಳಿಸಿ, ಅದರ ಮೇಲೆ ತೆಳುವಾದ ಕಂದುಬಣ್ಣವನ್ನು ಅಗಲ ಕುಂಚದಿಂದ ಎಳೆಯುತ್ತಿದ್ದರು. ಆ ಎಳೆತದ ಗೀರುಗಳು ರೂಬೆನ್ಸನ ಅನೇಕ ಕರಡುಗಳಲ್ಲಿ ಆಕೃತಿಗಳ ನಡುವೆ ಇಂದಿಗೂ ಕಾಣುತ್ತವೆ. ನೆರಳಿರುವೆಡೆ ಕಂದನ್ನೇ ಬಿಟ್ಟು, ಬೆಳಕು ಬೀಳುವಲ್ಲಿ ಮಾತ್ರ ದಪ್ಪ ಬಿಳಿ ಮೆತ್ತಿದ್ದುಂಟು.

ಕರಡಿಗಿದ್ದ ಬೆಲೆ ಅದೇ ಚರ್ಚಿನ 39 ಛಾವಣಿ ಚಿತ್ರಗಳಿಗಾಗಿ 1620ರಲ್ಲಿ ಆದ ಕರಾರಿನಿಂದ ಸ್ಪಷ್ಟವಾಗುತ್ತದೆ. ಕರಡುಗಳನ್ನು ರೂಬೆನ್ಸ್ ಸ್ವಹಸ್ತದಿಂದಲೇ ಬರೆಯಬೇಕು, ದೊಡ್ಡ ಚಿತ್ರಗಳನ್ನು ವ್ಯಾನ್ ಡೈಕ್ ಮತ್ತಿತರ ಶಿಷ್ಯರು ಬರೆಯಬಹುದು; ಕೊನೆಗೆ ಆ ಕರಡುಗಳನ್ನು ಚರ್ಚಿಗೊಪ್ಪಿಸಬೇಕು, ಇಲ್ಲವೇ ಅವುಗಳ ಬದಲಿಗೆ ಪಕ್ಕದ ಬಲಿಪೀಠಕ್ಕೆ ಇನ್ನೊಂದು ಚಿತ್ರ ಬರೆದುಕೊಡಬೇಕು ಎಂಬ ಷರತ್ತು ಅದರಲ್ಲಿತ್ತು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಛತ್ತಿನಲ್ಲಿ ದಿಕ್ಪಾಲಕರ ನಡುವೆ ನರ್ತಿಸುವ ಶಿವನಂತೆ ಈ ಚಿತ್ರಗಳೂ ಕತ್ತೆತ್ತಿ ನೋಡುವ ಭಕ್ತರಿಗಾಗಿಯೇ ಯೋಜಿತವಾದವು. ಆದರೆ ಶಿಲ್ಪಿ ಕಲ್ಲಿನ ಮೇಲೆ ಬರೆದ ಗೆರೆ ಉಳಿಯ ಪೆಟ್ಟಿಗೇ ಅಳಿಯುತ್ತದೆ. ಆಂಟ್‌ವರ್ಪಿನಲ್ಲಿ ಆದದ್ದು ಇದರ ತಿರುಗುಮುರುಗು. 1718ರಲ್ಲಿ ಸಿಡಿಲು ಬಡಿದು ಛಾವಣಿಯ ಚಿತ್ರಗಳೆಲ್ಲ ಸುಟ್ಟುಹೋದವು, ರೂಬೆನ್ಸನ ಕರಡುಗಳಲ್ಲಿ ಹಲವು ಬೇರೆಬೇರೆ ದೇಶಗಳ ಸಂಗ್ರಹಗಳಲ್ಲಿ ಉಳಿದಿವೆ.