ಯಾವ ಕಪಾಟಿನ ಸಂಗೀತ? ‘ಆನ್ ದ ಕಾರ್ನರ್’ ಆಲ್ಬಮ್ಮನ್ನು ಕೇಳಿದವರ ಚರಿತ್ರೆ

ರೆಕಾರ್ಡಿನ ಮೇಲೆ ಮುಳ್ಳು ಇಳಿದ ಕ್ಷಣವೇ, ಆಗಲೇ ಭರದಿಂದ ನಡೆದಿದ್ದ ಸಂಗೀತದ ನಡುವೆ ಹೋಗಿ ಬಿದ್ದಂತಾಗುತ್ತದೆ. ಡ್ರಮ್ಮು, ಕಾಂಗಾ, ತಬಲಾ, ಗಿಟಾರು, ಕೀಬೋರ್ಡು ಎಲ್ಲವೂ ಒಟ್ಟಿಗೇ ಓಡುತ್ತಿರುತ್ತವೆ. ಪೀಠಿಕೆ ಇಲ್ಲ, ಬನ್ನಿ ಕೂತುಕೊಳ್ಳಿ ಎನ್ನುವ ಉಪಚಾರವೂ ಇಲ್ಲ. ತಾಳದ ಮೊದಲ ಪೆಟ್ಟು ಎಲ್ಲಿ ಬಿತ್ತು ಎಂದು ಹುಡುಕುವುದರಲ್ಲೇ ಕೇಳುಗನ ಮೊದಲ ನಿಮಿಷ ಕಳೆದುಹೋಗುತ್ತದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1972ರ ಅಕ್ಟೋಬರಿನಲ್ಲಿ ಕೊಲಂಬಿಯಾ ಕಂಪನಿಯಿಂದ ಹೊರತಂದ ‘ಆನ್ ದ ಕಾರ್ನರ್’ ಹೀಗೆ ಆರಂಭವಾಗುತ್ತದೆ. ಆ ವರ್ಷ ಜಾಝ್ ಲೋಕದಲ್ಲಿ ಇದರಷ್ಟು ಬೈಗುಳ ತಿಂದ ಆಲ್ಬಮ್ ಬಹುಶಃ ಇನ್ನೊಂದಿಲ್ಲ. ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಆಲ್ಬಮ್ ಹಿಪ್‌ಹಾಪ್ ಮತ್ತು ಎಲೆಕ್ಟ್ರಾನಿಕ್ ಸಂಗೀತದವರು ತಮ್ಮ ಪೂರ್ವಜರ ಸಾಲಿನಲ್ಲಿ ಇಟ್ಟುಕೊಂಡ ಕೃತಿಯಾಯಿತು.

ಈ ತಿರುವನ್ನು ಸಾಮಾನ್ಯವಾಗಿ ‘ಕಾಲಕ್ಕಿಂತ ಮುಂದಿದ್ದ ಕೃತಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ವಿವರಣೆ ಸಾಲದು. 1972ರಲ್ಲಿ ಇದನ್ನು ಬೈದವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದು ಅದು ಸೂಚಿಸುತ್ತದೆ. ಅವರ ಬರಹಗಳನ್ನು ಇಂದು ಓದಿದರೆ ತಿಳಿಯುವುದು ಬೇರೆಯೇ: ಅವರಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತ್ತು.

ಮೊದಲು ಸಂಗೀತದ ಸಂಗತಿ. ಆಗ ಡೇವಿಸ್‌ಗೆ 46 ವರ್ಷ. 1970ರ ‘ಬಿಚಸ್ ಬ್ರೂ’ ಬಿಲ್‌ಬೋರ್ಡ್ ಪಟ್ಟಿಯ 35ನೇ ಸ್ಥಾನಕ್ಕೇರಿ, ರಾಕ್ ಕೇಳುವ ಬಿಳಿಯ ಯುವಕರನ್ನು ಅವನ ಬಳಿಗೆ ತಂದಿತ್ತು. ಆದರೆ ಅವನನ್ನು ಒಳಗೊಳಗೇ ಕಾಡುತ್ತಿದ್ದ ಪ್ರಶ್ನೆ ಇನ್ನೊಂದು: ತನ್ನದೇ ಕಪ್ಪು ಜನಾಂಗದ ಹುಡುಗ ಹುಡುಗಿಯರು ತನ್ನನ್ನೇಕೆ ಕೇಳುತ್ತಿಲ್ಲ? ಅವರ ಮನೆಗಳಲ್ಲಿ ತಿರುಗುತ್ತಿದ್ದುದು ಜೇಮ್ಸ್ ಬ್ರೌನ್ ಮತ್ತು ಸ್ಲೈ ಸ್ಟೋನ್‌ರ ಫಂಕ್. ನಾಲ್ಕೆಣಿಕೆಯ ತಾಳದಲ್ಲಿ ಮೊದಲ ಪೆಟ್ಟಿಗೆ ಒತ್ತು ಕೊಟ್ಟು, ಉಳಿದ ವಾದ್ಯಗಳನ್ನೆಲ್ಲ ಅದರ ಸುತ್ತ ಚೂರುಚೂರಾಗಿ ಹೆಣೆಯುವುದು ಫಂಕಿನ ಕಸುಬು. ನಮ್ಮವರಿಗೆ ಹೇಳುವುದಾದರೆ, ಸಮಕ್ಕೆ ಬಂದು ಬೀಳುವ ಸುಖವನ್ನು ಪ್ರತಿ ಆವರ್ತದಲ್ಲೂ ಮತ್ತೆ ಮತ್ತೆ ಕೊಡುವ ಸಂಗೀತ. ಬ್ರೌನ್‌ನ 1967ರ ‘ಕೋಲ್ಡ್ ಸ್ವೆಟ್’ ಹಾಡಿನಲ್ಲಿ ಸ್ವರಸಂಯೋಜನೆ ಹೆಚ್ಚು ಕದಲುವುದೇ ಇಲ್ಲ; ಲಯವೇ ಹಾಡು.

ಈ ಲಯಕ್ಕೆ ಡೇವಿಸ್ ತಂದು ಬೆಸೆದದ್ದು ಯಾರೂ ನಿರೀಕ್ಷಿಸದ ವಸ್ತು. ಇಂಗ್ಲೆಂಡಿನ ಚೆಲ್ಲೊ ವಾದಕ ಪಾಲ್ ಬಕ್‌ಮಾಸ್ಟರ್ ಆ ವರ್ಷ ನ್ಯೂಯಾರ್ಕಿನಲ್ಲಿ ಅವನ ಮನೆಯಲ್ಲಿದ್ದು, ಜರ್ಮನಿಯ ಷ್ಟೋಕ್‌ಹೌಸನ್‌ನ ಸಂಗೀತವನ್ನು ಅವನಿಗೆ ಪರಿಚಯಿಸಿದ. ಟೇಪಿನ ಮೇಲೆ ಶಬ್ದಗಳನ್ನು ಕತ್ತರಿಸಿ, ಬೆರೆಸಿ, ರೂಪ ಬದಲಿಸುವ ಕಲೆ ಅದು. ಜೂನ್ 1, ಜೂನ್ 6 ಮತ್ತು ಜುಲೈ 7ರಂದು ಧ್ವನಿಮುದ್ರಣ ನಡೆಯಿತು. ನಿರ್ಮಾಪಕ ಟಿಯೋ ಮಸೇರೊ ಆ ಉದ್ದುದ್ದ ಟೇಪುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಎರಡು ಮಗ್ಗುಲಿನ ಒಂದು ಎಲ್‌ಪಿ ಮಾಡಿದ. ಎರಡನೆಯ ಮಗ್ಗುಲಿನ ಎರಡೂ ರಚನೆಗಳ ತಳದಲ್ಲಿರುವ ಬಾಸ್ ಮತ್ತು ಡ್ರಮ್ ನಡೆ, ಮೊದಲ ಮಗ್ಗುಲಿನ ಕೊನೆಯಲ್ಲಿ ಬರುವ ‘ಬ್ಲ್ಯಾಕ್ ಸ್ಯಾಟಿನ್’ನದೇ. ಅದನ್ನೇ ಬೇರೆ ಬೇರೆ ಬೆಳಕಿನಲ್ಲಿ ಹಿಡಿದು ತೋರಿಸಿದ್ದಾರೆ ಅಷ್ಟೆ. ಬಾಸ್ ನುಡಿಸಿದ ಮೈಕೇಲ್ ಹೆಂಡರ್ಸನ್ ಸ್ಟೀವಿ ವಂಡರ್‌ನ ತಂಡದಿಂದ ಬಂದವನು, ಜಾಝ್ ಹಿನ್ನೆಲೆಯವನಲ್ಲ. ಕೊಟ್ಟ ನಾಲ್ಕಾರು ಸ್ವರಗಳನ್ನು ಅಲುಗದೆ ಹಿಡಿದು ಕೂರುವುದು ಅವನ ಶಕ್ತಿ.

ಜೂನ್ 1ರ ಆ ಕೋಣೆಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಸ್ಯಾಕ್ಸೊಫೋನ್ ವಾದಕ ಡೇವ್ ಲೀಬ್‌ಮನ್ ಅಂದು ಬ್ರೂಕ್ಲಿನ್‌ನಲ್ಲಿ ವೈದ್ಯರ ಬಳಿ ಹೋಗಿದ್ದ. ಸ್ಟುಡಿಯೋದಿಂದ ಕರೆ ಬಂದಿದೆ ಎಂದು ತಾಯಿ ಅಲ್ಲಿಗೇ ಫೋನು ಮಾಡಿದರು. ಓಡೋಡಿ ಬಂದು ಬಾಗಿಲು ತೆರೆದರೆ ಧ್ವನಿಮುದ್ರಣ ನಡೆದೇ ಇತ್ತು. ಡೇವಿಸ್ ಸನ್ನೆ ಮಾಡಿದ: ನುಡಿಸು. ವಿದ್ಯುತ್ ವಾದ್ಯಗಳ ಧ್ವನಿ ನೇರವಾಗಿ ಯಂತ್ರಕ್ಕೆ ಹೋಗುತ್ತಿತ್ತು. ಹೆಡ್‌ಫೋನ್ ಇಲ್ಲದ ಲೀಬ್‌ಮನ್‌ಗೆ ಕೇಳಿಸಿದ್ದು ಡ್ರಮ್ಮು, ತಾಳವಾದ್ಯಗಳ ಸದ್ದು ಮಾತ್ರ. ಯಾವ ಶ್ರುತಿ, ಯಾವ ಸ್ವರ ಎಂಬ ಸುಳಿವೇ ಇಲ್ಲದೆ ಅವನು ಹುಡುಕುತ್ತ ನುಡಿಸಿದ್ದೇ ಆಲ್ಬಮ್ಮಿನ ಆರಂಭದಲ್ಲಿ ಕೇಳಿಬರುವ ಸೊಪ್ರಾನೊ ಸ್ಯಾಕ್ಸ್. ಮುಂದೆ ವಿಮರ್ಶಕರು ‘ಇವರು ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಇಲ್ಲ’ ಎಂದು ಗೊಣಗಿದ್ದರೆ, ಅಕ್ಷರಶಃ ಅದು ಸತ್ಯಕ್ಕೆ ಹತ್ತಿರ.

ಅದೇ ಕೋಣೆಯಲ್ಲಿ ತಬಲಾ ಹಿಡಿದು ಕೂತಿದ್ದವರು ಬಾದಲ್ ರಾಯ್. ಈಗಿನ ಬಾಂಗ್ಲಾದೇಶದ ಕೊಮಿಲ್ಲಾದಲ್ಲಿ ಹುಟ್ಟಿ, ಸಂಖ್ಯಾಶಾಸ್ತ್ರ ಓದಲು ನ್ಯೂಯಾರ್ಕಿಗೆ ಬಂದು, ಖರ್ಚಿಗಾಗಿ ಗ್ರೀನಿಚ್ ವಿಲೇಜಿನ ಭಾರತೀಯ ರೆಸ್ಟೋರೆಂಟಿನಲ್ಲಿ ತಬಲಾ ನುಡಿಸುತ್ತಿದ್ದವರು. ಅಲ್ಲಿಗೆ ಬಂದು ಜೊತೆಗೆ ಗಿಟಾರ್ ನುಡಿಸುತ್ತಿದ್ದ ಜಾನ್ ಮೆಕ್‌ಲಾಫ್ಲಿನ್ ಮೂಲಕ ಡೇವಿಸ್‌ನ ಪರಿಚಯವಾಯಿತು. ಸ್ಟುಡಿಯೋದಲ್ಲಿ ಡೇವಿಸ್ ಅವರತ್ತ ತಿರುಗಿ, ನೀನೇ ಶುರುಮಾಡು ಎಂದನಂತೆ. ತಾಳ ಹೇಳಲಿಲ್ಲ, ಕಾಗದ ಕೊಡಲಿಲ್ಲ. ಬಾದಲ್ ತಮಗೆ ತಿಳಿದ ಒಂದು ನಡೆ ಹಿಡಿದರು. ಹರ್ಬಿ ಹ್ಯಾನ್‌ಕಾಕ್ ತಲೆದೂಗಿ ಕೀಬೋರ್ಡಿನಲ್ಲಿ ಸೇರಿಕೊಂಡ. ಉಳಿದವರು ಹಿಂದೆಯೇ ಬಂದರು. ಇಲ್ಲಿ ತಬಲಾಕ್ಕೆ ಸಾಥ್ ಕೊಡುವ ಪಾತ್ರವೂ ಇಲ್ಲ, ಪೂರ್ವದೇಶದ ಸುಗಂಧ ಸಿಂಪಡಿಸುವ ಪಾತ್ರವೂ ಇಲ್ಲ. ಡ್ರಮ್, ಕಾಂಗಾಗಳ ಸಮಸಮಕ್ಕೆ ನಿಂತು ಅದೂ ಫಂಕ್ ನುಡಿಸುತ್ತದೆ. ಅರವತ್ತರ ದಶಕದ ರಾಕ್ ಹಾಡುಗಳಲ್ಲಿ ಸಿತಾರು ಬಂದು ಹೋದ ಬಗೆಗೆ ಹೋಲಿಸಿದರೆ ಇದು ನನಗೆ ಎಷ್ಟೋ ಪ್ರಾಮಾಣಿಕವಾಗಿ ಕಾಣುತ್ತದೆ.

ಇನ್ನು ಕೇಳಿದವರ ಮಾತು. ‘ಡೌನ್ ಬೀಟ್’ ಪತ್ರಿಕೆ ಎರಡು ನಕ್ಷತ್ರ ಕೊಟ್ಟಿತು. ಇಂಗ್ಲೆಂಡಿನ ‘ಜಾಝ್ ಜರ್ನಲ್’ನ ವಿಮರ್ಶಕ, ಒಂದೇ ಸ್ವರಮೇಳವನ್ನು ಹಿಡಿದು ಮುಕ್ಕಾಲು ಗಂಟೆ ಪೀಡಿಸಿದ್ದಾರೆ ಎಂಬರ್ಥದಲ್ಲಿ ಬರೆದ. ಸ್ಯಾಕ್ಸೊಫೋನಿನ ದಿಗ್ಗಜ ಸ್ಟಾನ್ ಗೆಟ್ಸ್‌ಗೆ ಇದರಲ್ಲಿ ರೂಪವೂ ಕಾಣಲಿಲ್ಲ, ಹೂರಣವೂ ಕಾಣಲಿಲ್ಲ. 1974ರಲ್ಲಿ ಡೇವಿಸ್‌ನ ಸಂಗೀತ ಜೀವನದ ಬಗ್ಗೆ ಪುಸ್ತಕ ಬರೆದ ಬಿಲ್ ಕೋಲ್ ಅಂತೂ ಇದು ಜನರ ಬುದ್ಧಿಗೆ ಮಾಡಿದ ಅವಮಾನವೆಂದೇ ಬಗೆದ. ನುಡಿಸಿದವರ ಬಳಗದಲ್ಲೂ ಸಂಭ್ರಮವಿರಲಿಲ್ಲ. ಡೇವಿಸ್‌ನ ಆಲ್ಬಮ್ಮುಗಳಲ್ಲಿ ತನಗೆ ತೀರಾ ಹಿಡಿಸದ್ದು ಇದೇ ಎಂದು ಬಕ್‌ಮಾಸ್ಟರ್ ಮುಂದೆ ಹೇಳಿಕೊಂಡಿದ್ದಾನೆ. ಮೆಚ್ಚಿದವರೂ ಇದ್ದರು. ‘ರೋಲಿಂಗ್ ಸ್ಟೋನ್’ನಲ್ಲಿ ಬರೆಯುತ್ತಿದ್ದ ರಾಲ್ಫ್ ಗ್ಲೀಸನ್ ಅವರಲ್ಲಿ ಒಬ್ಬ. ‘ಬಿಚಸ್ ಬ್ರೂ’ ಆಲ್ಬಮ್ಮಿನ ಮೇಲುಬರಹ ಬರೆದವನೂ ಅವನೇ. ಆದರೆ ಆ ದನಿ ಬೈಗುಳದ ಗದ್ದಲದಲ್ಲಿ ಮುಳುಗಿತು.

ಈ ದೂರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಬಾಸ್ ನಡೆ ತಿರುಗಿ ತಿರುಗಿ ಬರುತ್ತದೆ. ಟ್ರಂಪೆಟ್ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸಿದರೂ ವಾ-ವಾ ಪೆಡಲಿನಿಂದ ಹಾದು ಗಿಟಾರಿನಂತೆ ಆಗಿರುತ್ತದೆ. ಯಾರು ಏನು ನುಡಿಸುತ್ತಿದ್ದಾರೆ ಎಂದು ಬಿಡಿಸಿ ಹೇಳಲಾಗದು. ಆದಿ ಅಂತ್ಯಗಳಿಲ್ಲ, ಎಲ್ಲವನ್ನೂ ಟೇಪಿನಲ್ಲಿ ಕತ್ತರಿಸಿ ಅಂಟಿಸಿದ್ದಾರೆ. 1990ರ ದಶಕದಲ್ಲಿ ಈ ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತವರು ಹೇಳಿದ್ದೂ ಇದನ್ನೇ! ತಿರುಗುವ ನಡೆ ಅವರಿಗೆ ‘ಲೂಪ್’ ಆಗಿತ್ತು. ಕತ್ತರಿಸಿ ಅಂಟಿಸುವುದು ಸ್ಯಾಂಪ್ಲರ್ ಯಂತ್ರದ ಮುಂದೆ ಕೂತವರ ನಿತ್ಯದ ಕೆಲಸ. ವಾದಕನ ಮುಖ ಕಾಣದಿರುವುದು, ಎಲ್ಲ ದನಿಗಳೂ ಒಂದೇ ಮೈಯಾಗಿ ಕಲೆತುಹೋಗುವುದು ನೃತ್ಯಸಂಗೀತದ ಬಲ. ಬೈದವರೂ ಹೊಗಳಿದವರೂ ಕೊಟ್ಟ ವರ್ಣನೆ ಒಂದೇ. ಬೆಲೆ ಕಟ್ಟುವ ತಕ್ಕಡಿ ಬದಲಾಗಿತ್ತು. ಹಾಗಾಗಿಯೇ 1972ರ ವಿಮರ್ಶಕರನ್ನು ನಾನು ಗೌರವದಿಂದ ಓದುತ್ತೇನೆ. ಅವರು ಸಾಕ್ಷಿಗಳಾಗಿ ನಂಬಿಕಸ್ಥರು.

ತಕ್ಕಡಿಯನ್ನು ಅವರ ಕೈಗೆ ಕೊಟ್ಟವರು ಯಾರು? ಇದಕ್ಕೆ ಉತ್ತರ ಅಂಗಡಿಯ ಕಪಾಟಿನಲ್ಲಿದೆ. ಆಲ್ಬಮ್ಮಿನ ಹೊದಿಕೆಗೆ ಕಾರ್ಕಿ ಮೆಕಾಯ್ ಬರೆದದ್ದು ಕಾರ್ಟೂನು: ಬೀದಿ ಮೂಲೆಯಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟು ನಿಂತ ಕಪ್ಪು ಜನ. ಟ್ರಂಪೆಟ್ ಹಿಡಿದ ಮಹಾಕಲಾವಿದನ ಗಂಭೀರ ಛಾಯಾಚಿತ್ರ ಅಲ್ಲಿಲ್ಲ. ವಾದಕರ ಹೆಸರುಗಳನ್ನೂ ಡೇವಿಸ್ ಹಾಕಿಸಲಿಲ್ಲ; ವಿಮರ್ಶಕರು ಹೆಸರು ನೋಡಿ ಬರೆಯುವ ಬದಲು ಕಿವಿಗೊಟ್ಟು ಇದು ಯಾವ ವಾದ್ಯವೆಂದು ತಾವೇ ಕಂಡುಕೊಳ್ಳಲಿ ಎಂಬುದು ಅವನ ಹಟ. ಹೊದಿಕೆ ಕರೆಯುತ್ತಿದ್ದುದು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್ಮಿನ ಹುಡುಗರನ್ನು. ಆದರೆ ಡೇವಿಸ್ ತನ್ನ ಆತ್ಮಕಥೆಯಲ್ಲಿ ದೂರಿರುವಂತೆ, ಕಂಪನಿ ಅದನ್ನು ಕಳಿಸಿದ್ದು ಜಾಝ್ ರೇಡಿಯೋಗಳಿಗೆ, ಜಾಝ್ ಕೇಳುಗರಿಗೆ. ಕರೆಸಿಕೊಂಡವರಿಗೆ ಓಲೆ ತಲುಪಲಿಲ್ಲ. ತಲುಪಿದವರು ಓಲೆ ತಮ್ಮದೆಂದುಕೊಂಡು ಓದಿ ಸಿಟ್ಟಾದರು. ಆ ದಶಕದ ‘ಕೇಳುಗರ ಅಭಿಪ್ರಾಯ’ ಎಂದು ನಾವು ಇಂದು ಉಲ್ಲೇಖಿಸುವುದು ಬಹುಪಾಲು ಈ ಎರಡನೆಯ ಗುಂಪಿನ ಮಾತನ್ನು. ಸಂಗೀತ ಚರಿತ್ರೆ ಬರೆಯುವವರು ಇದನ್ನು ಮರೆಯಬಾರದು.

ಮಾರಾಟದ ತಪ್ಪೊಂದೇ ಕಾರಣವೇ? ಇಲ್ಲಿ ನಾನು ಡೇವಿಸ್‌ನ ಮಾತನ್ನು ಪೂರ್ತಿ ಒಪ್ಪಲಾರೆ. ಒಂದೇ ವರ್ಷದ ನಂತರ, 1973ರ ಅಕ್ಟೋಬರಿನಲ್ಲಿ, ಅದೇ ಕೊಲಂಬಿಯಾದಿಂದ ಹ್ಯಾನ್‌ಕಾಕ್‌ನ ‘ಹೆಡ್ ಹಂಟರ್ಸ್’ ಬಂತು. ‘ಆನ್ ದ ಕಾರ್ನರ್’ನಲ್ಲಿ ಕೀಬೋರ್ಡ್ ನುಡಿಸಿದ ಹ್ಯಾನ್‌ಕಾಕ್, ಬಾಸ್ ಕ್ಲಾರಿನೆಟ್ ನುಡಿಸಿದ ಬೆನ್ನಿ ಮಾಪಿನ್ ಇಬ್ಬರೂ ಅದರಲ್ಲಿದ್ದಾರೆ. ಅದೂ ಫಂಕ್, ಅದರಲ್ಲೂ ಹಾಡುಗಾರಿಕೆ ಇಲ್ಲ, ರಚನೆಗಳೂ ಉದ್ದವೇ. ಅದು ಹತ್ತು ಲಕ್ಷದ ಗಡಿ ದಾಟಿ ಪ್ಲಾಟಿನಂ ಆಯಿತು. ವ್ಯತ್ಯಾಸ ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ‘ಕಮೀಲಿಯನ್’ ರಚನೆಯಲ್ಲಿ ಮೊದಲು ಸಿಂಥಸೈಜರಿನ ಬಾಸ್ ನಡೆಯೊಂದೇ ಬರುತ್ತದೆ. ಅದು ಕಿವಿಗೆ ಕೂತ ಮೇಲೆ ಡ್ರಮ್ಮು. ಆಮೇಲೆ ಒಂದೊಂದೇ ವಾದ್ಯ. ಕೇಳುಗನ ಕೈಹಿಡಿದು ಮೆಟ್ಟಿಲು ಹತ್ತಿಸಿದ ಹಾಗೆ. ಡೇವಿಸ್‌ನಾದರೋ ಕೇಳುಗನನ್ನು ಸಂತೆಯ ನಡುವಿಗೆ ತಳ್ಳಿಬಿಡುತ್ತಾನೆ. ಸರಿಯಾದ ಕಪಾಟಿನಲ್ಲಿ ಇಟ್ಟಿದ್ದರೂ ಹಾರ್ಲೆಮ್ಮಿನ ಹುಡುಗರು ಎದ್ದು ಕುಣಿಯುತ್ತಿದ್ದರೇ ಎಂಬ ಅನುಮಾನ ನನಗಿದೆ. ‘ಬ್ಲ್ಯಾಕ್ ಸ್ಯಾಟಿನ್’ಗೆ ಬೇಕಾದರೆ ಕುಣಿಯುತ್ತಿದ್ದರು. ಗುನುಗಬಹುದಾದ ರಾಗ, ಶಿಳ್ಳೆ, ಮೇಲಿಂದ ಸೇರಿಸಿದ ಚಪ್ಪಾಳೆ ಇರುವುದರಿಂದ ಅದರಲ್ಲಿ ಕಾಲೂರಲು ಜಾಗವಿದೆ. ಅದಕ್ಕೂ ಮುಂಚಿನ, ಮೊದಲ ಮಗ್ಗುಲಿನ ಆರಂಭದ ಇಪ್ಪತ್ತು ನಿಮಿಷಗಳಲ್ಲಿ ಆ ಜಾಗವನ್ನು ಕೇಳುಗನೇ ಮಾಡಿಕೊಳ್ಳಬೇಕು.

ಜಾಗ ಮಾಡಿಕೊಂಡವರು ನಿಧಾನವಾಗಿ ಬಂದರು. ಡೇವಿಸ್ 1975ರಲ್ಲಿ ವೇದಿಕೆಯಿಂದ ಸರಿದು ಐದಾರು ವರ್ಷ ಮೌನವಾಗಿದ್ದ. 1983ರಲ್ಲಿ ಕಪ್ಪು ಜನಾಂಗದ ಯುವ ವಿಮರ್ಶಕ ಗ್ರೆಗ್ ಟೇಟ್, ಹಿಂದೆ ಎರಡು ನಕ್ಷತ್ರ ಕೊಟ್ಟಿದ್ದ ಅದೇ ‘ಡೌನ್ ಬೀಟ್’ ಪತ್ರಿಕೆಯಲ್ಲಿ ಡೇವಿಸ್‌ನ ವಿದ್ಯುತ್ ಯುಗದ ಪರವಾಗಿ ದೀರ್ಘ ಲೇಖನ ಬರೆದ. ಮರುಮೌಲ್ಯಮಾಪನ ಎಂಬುದೊಂದು ಇದ್ದರೆ ಅದರ ಗಟ್ಟಿ ಹೆಜ್ಜೆ ಅದು. 1998ರಲ್ಲಿ ನಿರ್ಮಾಪಕ ಬಿಲ್ ಲಾಸ್ವೆಲ್ ಮೂಲ ಟೇಪುಗಳನ್ನೇ ತೆಗೆದು ‘ಪಂಥಲಸ್ಸ’ ಎಂಬ ಹೆಸರಿನಲ್ಲಿ ಮತ್ತೆ ಬೆರೆಸಿದ. ಮಸೇರೊ ಬ್ಲೇಡಿನಿಂದ ಮಾಡಿದ ಕೆಲಸವನ್ನು ಇನ್ನೊಂದು ತಲೆಮಾರು ತನ್ನ ಉಪಕರಣಗಳಿಂದ ಮುಂದುವರಿಸಿತು. 2007ರಲ್ಲಿ ಆರು ಸಿಡಿಗಳ ಪೂರ್ಣ ಸಂಪುಟ ಹೊರಬಂದಾಗ, ಕತ್ತರಿ ಬೀಳುವ ಮೊದಲು ಟೇಪುಗಳಲ್ಲಿ ಏನಿತ್ತೆಂದು ಕೇಳುಗರು ತಾವೇ ಕೇಳಬಹುದಾಯಿತು. ಜೂನ್‌ನ ಆ ಟೇಪುಗಳನ್ನು ಕೇಳಿದ ಮೇಲೆ ಮಸೇರೊನ ಕತ್ತರಿಯ ಮೇಲೆ ನನಗೆ ಗೌರವ ಹೆಚ್ಚಿತು.

ಬಾದಲ್ ರಾಯ್ ಕೂಡ ಈ ಆಲ್ಬಮ್ಮಿನ ಕೇಳುಗರಲ್ಲಿ ಒಬ್ಬರು. 1972ರಲ್ಲಿ ರೆಕಾರ್ಡು ಕೈಗೆ ಬಂದಾಗ ಒಮ್ಮೆ ಕೇಳಿದರು, ಇಷ್ಟವಾಗಲಿಲ್ಲ, ಎತ್ತಿಟ್ಟರು. ಅವರು ಹೇಳಿಕೊಂಡಿರುವ ಪ್ರಕಾರ, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಬೇರೆ ಊರಿನಲ್ಲಿ ಓದುತ್ತಿದ್ದ ಮಗ ಫೋನು ಮಾಡಿದ. ಕೋಣೆಯ ಗೆಳೆಯ ಹಿಪ್‌ಹಾಪ್ ಹುಚ್ಚಿನವನು, ಸದಾ ಒಂದು ರೆಕಾರ್ಡು ಹಾಕಿಕೊಂಡಿರುತ್ತಾನೆ. ಅದರಲ್ಲಿ ತಬಲಾ ನುಡಿಸಿರುವುದು ನೀವೇನಾ, ಅಪ್ಪ? ಫೋನು ಇಟ್ಟ ಮೇಲೆ ಬಾದಲ್ ಆ ಆಲ್ಬಮ್ಮನ್ನು ಮತ್ತೆ ಕೇಳತೊಡಗಿದರು.