ಸೋಲರಿಯದ ಮಾರ್ಸಿಯಾನೊಗೆ ಎಷ್ಟನೆಯ ಸ್ಥಾನ?

ಹೆವಿವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ನರಲ್ಲಿ ವೃತ್ತಿಜೀವನದ ಒಂದು ಪಂದ್ಯವನ್ನೂ ಸೋಲದೆ, ಒಂದನ್ನೂ ಸಮ ಮಾಡಿಕೊಳ್ಳದೆ, ಪಟ್ಟದಲ್ಲಿದ್ದಾಗಲೇ ನಿವೃತ್ತನಾದವನು ಅಮೆರಿಕದ ರಾಕಿ ಮಾರ್ಸಿಯಾನೊ. 1947ರಿಂದ 1955ರವರೆಗೆ ಆಡಿದ 49 ಪಂದ್ಯಗಳನ್ನೂ ಆತ ಗೆದ್ದ. ಅವುಗಳಲ್ಲಿ 43 ನಾಕೌಟ್ ಗೆಲುವುಗಳು. ಆದರೂ ಸಾರ್ವಕಾಲಿಕ ಶ್ರೇಷ್ಠರನ್ನು ಎಣಿಸುವಾಗ ಕೆಲವರು ಆತನನ್ನು ಮೊದಲ ಸಾಲಿಗೆ ತರುತ್ತಾರೆ, ಕೆಲವರು ಹತ್ತರ ಆಚೆಗೆ ಸರಿಸುತ್ತಾರೆ. ಆತ ನಿವೃತ್ತನಾದಂದಿನಿಂದಲೂ ಈ ವಾದ ನಡೆದೇ ಇದೆ.

ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಪಾದರಕ್ಷೆ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಇಟಾಲಿಯನ್ ವಲಸಿಗನ ಮಗನಾಗಿ 1923ರ ಸೆಪ್ಟೆಂಬರ್ 1ರಂದು ಮಾರ್ಸಿಯಾನೊ ಹುಟ್ಟಿದ. ಬೇಸ್‌ಬಾಲ್ ಆಟಗಾರನಾಗುವ ಆಸೆ 1947ರಲ್ಲಿ ಶಿಕಾಗೊ ಕಬ್ಸ್ ತಂಡದ ಆಯ್ಕೆ ಪರೀಕ್ಷೆಯಲ್ಲಿ ಕಮರಿತು. ಪೂರ್ಣಾವಧಿ ಬಾಕ್ಸರ್ ಆದಾಗ ವಯಸ್ಸು 25ರ ಹತ್ತಿರ ಬಂದಿತ್ತು. ಎತ್ತರ 5 ಅಡಿ 10 ಅಂಗುಲ, ತೂಕ ಸುಮಾರು 185 ಪೌಂಡ್, ತೋಳಿನ ಚಾಚು 68 ಅಂಗುಲ. ಹೆವಿವೇಟ್ ಚಾಂಪಿಯನ್ನರಲ್ಲಿ ಇಷ್ಟು ಕಿರಿದಾದ ಚಾಚು ಅಪರೂಪ. ತರಬೇತುದಾರ ಚಾರ್ಲಿ ಗೋಲ್ಡ್‌ಮನ್ ಈ ಕೊರತೆಯನ್ನು ಮುಚ್ಚಿಡಲು ಹೋಗಲಿಲ್ಲ. ಶಿಷ್ಯನನ್ನು ಇನ್ನಷ್ಟು ಬಗ್ಗಿ ಆಡಲು, ಎದುರಾಳಿಯ ತೋಳುಗಳ ಒಳಗೆ ನುಗ್ಗಿ ಗಿಡ್ಡ ಹೊಡೆತಗಳನ್ನು ಹಾಕಲು ಪಳಗಿಸಿದ. ಬಲಗೈ ಹೊಡೆತದ ಬಿರುಸಿನ ಜೊತೆಗೆ ಹದಿನೈದು ಸುತ್ತಿಗೂ ಸಾಲುವ ದಮ್ಮು ಆತನ ಬಂಡವಾಳವಾಯಿತು.

1950ರ ಮಾರ್ಚ್‌ನಲ್ಲಿ ರೋಲಂಡ್ ಲಾಸ್ಟಾರ್ಜಾ ಎದುರು ಗೆಲುವು ಕೂದಲೆಳೆಯಲ್ಲಿ ದಕ್ಕಿತು, ತೀರ್ಪುಗಾರರಲ್ಲೇ ಒಮ್ಮತವಿರಲಿಲ್ಲ. 1951ರ ಅಕ್ಟೋಬರ್‌ನಲ್ಲಿ ಜೋ ಲೂಯಿಸ್ ಎಂಟನೆಯ ಸುತ್ತಿನಲ್ಲಿ ಉರುಳಿದ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜೆರ್ಸಿ ಜೋ ವಾಲ್ಕಾಟ್ ಜೊತೆ ಪಟ್ಟದ ಪಂದ್ಯ ನಡೆಯಿತು. ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದು, ಹನ್ನೆರಡು ಸುತ್ತುಗಳ ನಂತರ ಮೂವರು ತೀರ್ಪುಗಾರರ ಅಂಕಗಳಲ್ಲೂ ಹಿಂದಿದ್ದ ಮಾರ್ಸಿಯಾನೊ, ಹದಿಮೂರನೆಯ ಸುತ್ತಿನಲ್ಲಿ ಒಂದೇ ಬಲಗೈ ಹೊಡೆತದಿಂದ ಚಾಂಪಿಯನ್ ಆದ. ಮುಂದೆ ವಾಲ್ಕಾಟ್, ಲಾಸ್ಟಾರ್ಜಾ, ಎಜರ್ಡ್ ಚಾರ್ಲ್ಸ್ (ಎರಡು ಬಾರಿ), ಡಾನ್ ಕಾಕೆಲ್ ಮತ್ತು ಆರ್ಚಿ ಮೂರ್ ಎದುರು ಒಟ್ಟು ಆರು ಸಲ ಪಟ್ಟ ಉಳಿಸಿಕೊಂಡು, 1956ರ ಏಪ್ರಿಲ್‌ನಲ್ಲಿ ನಿವೃತ್ತಿ ಘೋಷಿಸಿದ.

ಆಕ್ಷೇಪಗಳು ಶುರುವಾಗುವುದು ಈ ಹೆಸರುಗಳಿಂದಲೇ. ಲೂಯಿಸ್‌ಗೆ ಆಗ 37 ವರ್ಷ. ನಿವೃತ್ತನಾಗಿದ್ದವನು ಮತ್ತೆ ರಿಂಗ್‌ಗೆ ಬಂದಿದ್ದ. ವಾಲ್ಕಾಟ್‌ಗೆ 38. ಮೂರ್ ಹುಟ್ಟಿದ ವರ್ಷದ ಬಗ್ಗೆ ತಕರಾರಿದ್ದರೂ ಆತ 38 ದಾಟಿದ್ದು ಖಚಿತ. ಚಾರ್ಲ್ಸ್ ತನ್ನ ಅತ್ಯುತ್ತಮ ಆಟವನ್ನು ಆಡಿದ್ದು ಲೈಟ್ ಹೆವಿವೇಟ್‌ನಲ್ಲಿ. ಪಟ್ಟಕ್ಕೆ ಮುಂಚಿನ ಗೆಲುವುಗಳಲ್ಲಿ ಬಹುಪಾಲು ಪ್ರಾವಿಡೆನ್ಸ್ ಮತ್ತು ಸುತ್ತಲಿನ ಊರುಗಳಲ್ಲಿ ಹೆಸರಿಲ್ಲದ ಎದುರಾಳಿಗಳ ಮೇಲೆ ಬಂದವು. ಫ್ಲಾಯ್ಡ್ ಪ್ಯಾಟರ್ಸನ್, ಸನ್ನಿ ಲಿಸ್ಟನ್ ಮುಂತಾದ ಹೊಸಬರು ತಲೆ ಎತ್ತುವಷ್ಟರಲ್ಲಿ ಮಾರ್ಸಿಯಾನೊ ಕೈಗವಸು ಕಳಚಿಟ್ಟಾಗಿತ್ತು.

ಸಮರ್ಥಕರ ಉತ್ತರವೂ ಹಗುರವಾದುದಲ್ಲ. ವಾಲ್ಕಾಟ್ ವಯಸ್ಸಾದವನಾದರೂ 1951ರಲ್ಲಿ ಚಾರ್ಲ್ಸ್‌ನನ್ನು ನಾಕೌಟ್ ಮಾಡಿ ಪಟ್ಟ ಗೆದ್ದವನು. ಮಾರ್ಸಿಯಾನೊ ಎದುರು ಸೋತ ಮೂರ್ ಅದಾದ ಮೇಲೂ ಹಲವು ವರ್ಷ ಲೈಟ್ ಹೆವಿವೇಟ್ ಚಾಂಪಿಯನ್ ಆಗಿಯೇ ಉಳಿದ. ಅದೇ ಮೂರ್‌ನನ್ನು 1940ರ ದಶಕದಲ್ಲಿ ಮೂರು ಬಾರಿ ಸೋಲಿಸಿದ್ದವನು ಚಾರ್ಲ್ಸ್. ಆ ಕಾಲದಲ್ಲಿ ಲಭ್ಯವಿದ್ದ ಪ್ರಬಲ ಎದುರಾಳಿಗಳು ಇವರೇ. ಮಾರ್ಸಿಯಾನೊ ಅವರನ್ನು ತಪ್ಪಿಸಿಕೊಂಡು ತಿರುಗಲಿಲ್ಲ. ಕಠಿಣವಾಗಿ ಕಾಡಿದವರಿಗೆ ಮರುಪಂದ್ಯವನ್ನೂ ಕೊಟ್ಟ.

ಇಂಥ ಹೋಲಿಕೆಗಳಿಗೆ ಪಟ್ಟಿಯ ರೂಪ ಕೊಟ್ಟವರಲ್ಲಿ ಪ್ರಮುಖ, 1922ರಲ್ಲಿ ಆರಂಭವಾದ 'ದಿ ರಿಂಗ್' ಪತ್ರಿಕೆಯ ಸ್ಥಾಪಕ ನ್ಯಾಟ್ ಫ್ಲೈಶರ್. ಆತನ ಹೆವಿವೇಟ್ ಪಟ್ಟಿಯಲ್ಲಿ ಜ್ಯಾಕ್ ಜಾನ್ಸನ್ ಮೊದಲನೆಯವನು, ಜಿಮ್ ಜೆಫ್ರೀಸ್ ಎರಡನೆಯವನು, ಮಾರ್ಸಿಯಾನೊ ಹತ್ತನೆಯವನು. ಮೊದಲ ಐದು ಸ್ಥಾನಗಳೂ 1930ಕ್ಕೆ ಮೊದಲಿನ ಚಾಂಪಿಯನ್ನರಿಗೆ ಹೋಗಿದ್ದವು. ಎಳೆಯ ವಯಸ್ಸಿನಲ್ಲಿ ನೋಡಿ ಮೆಚ್ಚಿದವರ ಕಡೆಗೆ ಫ್ಲೈಶರ್ ವಾಲಿದನೆಂದು ಟೀಕಾಕಾರರು ಹೇಳುತ್ತಾರೆ.

ಮನುಷ್ಯರ ಒಲವನ್ನು ಯಂತ್ರದಿಂದ ಮೀರುವ ಪ್ರಯತ್ನವೂ ನಡೆಯಿತು. 1967ರಲ್ಲಿ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕ ಹಳೆಯ ಹೊಸ ಚಾಂಪಿಯನ್ನರ ವಿವರಗಳನ್ನು ಕಂಪ್ಯೂಟರಿಗೆ ಉಣಿಸಿ ಕಾಲ್ಪನಿಕ ಪಂದ್ಯಾವಳಿ ಪ್ರಸಾರ ಮಾಡಿದ. ಅಂತಿಮ ಪಂದ್ಯದಲ್ಲಿ ಮಾರ್ಸಿಯಾನೊ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದ. ಮುಹಮ್ಮದ್ ಅಲಿ ಜೊತೆಗಿನ ಇಂಥದೇ 'ಪಂದ್ಯ'ವನ್ನು 1969ರಲ್ಲಿ ಇಬ್ಬರನ್ನೂ ರಿಂಗ್‌ಗಿಳಿಸಿ ಚಿತ್ರೀಕರಿಸಲಾಯಿತು. ಚಿತ್ರ ತೆರೆಗೆ ಬರುವ ಮೊದಲೇ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕದ ಪ್ರೇಕ್ಷಕರು ಆತ ಹದಿಮೂರನೆಯ ಸುತ್ತಿನಲ್ಲಿ ಅಲಿಯನ್ನು ನಾಕೌಟ್ ಮಾಡುವುದನ್ನು ಕಂಡರು. ಯುರೋಪಿನಲ್ಲಿ ಅಲಿ ಗೆಲ್ಲುವ ಆವೃತ್ತಿ ತೋರಿಸಲಾಯಿತು. ಯಂತ್ರದ ತೀರ್ಪಿನ ಬೆಲೆ ಅಲ್ಲಿಗೆ ಬಯಲಾಯಿತು.

49ರ ದಾಖಲೆಯ ಹತ್ತಿರ ಬಂದವರು ವಿರಳ. 48 ಪಂದ್ಯ ಗೆದ್ದಿದ್ದ ಲ್ಯಾರಿ ಹೋಮ್ಸ್ 1985ರ ಸೆಪ್ಟೆಂಬರ್ 21ರಂದು ಮೈಕೆಲ್ ಸ್ಪಿಂಕ್ಸ್ ಎದುರು ಸೋತ. ಮಾರ್ಸಿಯಾನೊ ತನ್ನ ಕೊನೆಯ ಪಂದ್ಯ ಗೆದ್ದು ಅಂದಿಗೆ ಸರಿಯಾಗಿ 30 ವರ್ಷವಾಗಿತ್ತು. 2017ರಲ್ಲಿ ಫ್ಲಾಯ್ಡ್ ಮೇವೆದರ್ 50 ಗೆಲುವು ಮುಟ್ಟಿದನಾದರೂ ಆತ ಹಗುರ ತೂಕದ ವಿಭಾಗಗಳವನು. ಐವತ್ತನೆಯ ಎದುರಾಳಿ ಕಾನರ್ ಮೆಕ್‌ಗ್ರೆಗರ್‌ಗೆ ಅದು ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯವಾಗಿತ್ತು. ಸೋಲಿಲ್ಲದ ದಾಖಲೆಯನ್ನು ಎದುರಾಳಿಗಳಿಂದ ಬೇರ್ಪಡಿಸಿ ತೂಗಲಾಗದೆಂಬುದಕ್ಕೆ ಇದೂ ಒಂದು ನಿದರ್ಶನ.

ವಾಸ್ತವದಲ್ಲಿ ಈ ವಾದದಲ್ಲಿ ಮೂರು ಪ್ರಶ್ನೆಗಳು ಬೆರೆತಿವೆ. ತನ್ನ ಕಾಲದವರನ್ನು ಗೆದ್ದನೇ ಎಂಬುದು ಮೊದಲನೆಯದು. ಅದರಲ್ಲಿ ಮಾರ್ಸಿಯಾನೊಗೆ ಸಾಟಿಯಿಲ್ಲ. ಎಷ್ಟು ಕಾಲ ಪಟ್ಟ ಕಾಯ್ದ ಎಂಬುದು ಎರಡನೆಯದು. ಸುಮಾರು ಹನ್ನೆರಡು ವರ್ಷ ಆಳಿ 25 ಸಲ ಪಟ್ಟ ಉಳಿಸಿಕೊಂಡ ಲೂಯಿಸ್ ಮುಂದೆ ಮೂರೂವರೆ ವರ್ಷ, ಆರು ಪಂದ್ಯಗಳ ಲೆಕ್ಕ ಚಿಕ್ಕದು. ಬೇರೆ ಕಾಲದ ಚಾಂಪಿಯನ್ನರ ಎದುರು ನಿಲ್ಲುತ್ತಿದ್ದನೇ ಎಂಬುದು ಮೂರನೆಯದು. ಇಂದಿನ ನಿಯಮದಂತೆ 200 ಪೌಂಡ್‌ವರೆಗಿನವರು ಕ್ರೂಸರ್‌ವೇಟ್ ಆಗಿರುವಾಗ, 185 ಪೌಂಡಿನವನ ಪರವಾಗಿ ಈ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಮೂರನ್ನೂ ಒಟ್ಟಿಗೆ ತೂಗಿದರೆ ಮೊದಲ ಹತ್ತರೊಳಗಿನ ಸ್ಥಾನಕ್ಕೆ ಮಾರ್ಸಿಯಾನೊ ಅರ್ಹ. ಲೂಯಿಸ್ ಮತ್ತು ಅಲಿಗಿಂತ ಮೇಲೆ ಕೂರಿಸಲು ಮಾತ್ರ 49 ಎಂಬ ಸಂಖ್ಯೆಯೊಂದೇ ಸಾಲದು.